ಫೋಟೊ ಬುಡಕ ಏನ್ ಹಾಕೂಣ್ರಿ? ಕಾಲೇಜು ಸಂಚಿಕೆಯ ಅಡಿಬರಹಗಳ ಒಂದು ಹೋಲಿಕೆ

"ಸರ, ಪುಟ ಎಲ್ಲಾ ಆದೂ. ಫೋಟೊ ಬುಡಕ ಏನ್ ಹಾಕೂಣ್ರಿ?"

ಪ್ರತಿ ಮಾರ್ಚಿನಲ್ಲೂ ನನಗೆ ಈ ಪ್ರಶ್ನೆ ಬರುತ್ತದೆ. ಕೇಳುವವರು ಗದಗಿನ ಪ್ರೆಸ್ಸಿನಲ್ಲಿ ಪುಟ ಕೂರಿಸುವ ಗೆಳೆಯರು. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ವಾರ್ಷಿಕ ಸಂಚಿಕೆಯ ಕೆಲಸವೂ ನನ್ನ ಪಾಲಿಗಿದೆ. ಮುದ್ರಣ ಕಾಶಿ ಎಂದು ಹೆಸರಾದ ಗದಗಿಗೆ ನಾವು ಸಂಚಿಕೆ ಒಯ್ಯುತ್ತೇವೆ. ಅಷ್ಟೊತ್ತಿಗೆ ಕಥೆ, ಕವನ, ಪ್ರಾಚಾರ್ಯರ ಮಾತು, ಜಾಹೀರಾತು ಎಲ್ಲ ಜಾಗ ಹಿಡಿದು ಕೂತಿರುತ್ತವೆ. ಮೂವತ್ತು ನಲವತ್ತು ಫೋಟೊಗಳ ಕೆಳಗೆ ಮಾತ್ರ ಖಾಲಿ. ಆಗ ಅಲ್ಲೇ ಸ್ಟೂಲಿನ ಮೇಲೆ ಕೂತು "ಸ್ನೇಹ ಸಮ್ಮೇಳನದ ಒಂದು ನೋಟ", "ಎನ್ನೆಸ್ಸೆಸ್ ಶಿಬಿರದ ಒಂದು ದೃಶ್ಯ" ಎಂದು ಗೀಚಿ ಕೊಟ್ಟು ಬಸ್ ಹಿಡಿಯುವುದು ಬಹಳ ಕಾಲೇಜುಗಳಲ್ಲಿ ನಡೆದು ಬಂದ ಪದ್ಧತಿ.

ಸಂಚಿಕೆ ಹಂಚುವ ದಿನ ಒಮ್ಮೆ ಬಾಗಿಲ ಹತ್ತಿರ ನಿಂತು ನೋಡಿ. ಯಾರೂ ಸಂಪಾದಕೀಯದಿಂದ ಶುರು ಮಾಡುವುದಿಲ್ಲ. ಹಾಳೆ ಫರಫರ ತಿರುವಿ ಸೀದಾ ಕಲರ್ ಪುಟಕ್ಕೆ ಬರುತ್ತಾರೆ. ತಮ್ಮ ಮುಖ ಹುಡುಕುತ್ತಾರೆ. ಸಿಕ್ಕ ಕೂಡಲೇ ಕಣ್ಣು ಕೆಳಗಿಳಿಯುತ್ತದೆ, ಹೆಸರು ಇದೆಯಾ ಅಂತ. ನಮ್ಮಲ್ಲಿ ಓದಲು ಬರುವ ಎಷ್ಟೋ ಮಕ್ಕಳ ಹೆಸರು ಅಚ್ಚಾಗುವುದು ಅದೇ ಮೊದಲು. ಆ ಪುಸ್ತಕ ಊರಿಗೆ ಹೋಗುತ್ತದೆ, ಅವ್ವ ಅಪ್ಪನ ಕೈಗೆ ಹೋಗುತ್ತದೆ, ಟ್ರಂಕಿನಲ್ಲಿ ಉಳಿಯುತ್ತದೆ. ಇಪ್ಪತ್ತು ವರ್ಷ ಬಿಟ್ಟು ತೆಗೆದರೆ "ಒಂದು ದೃಶ್ಯ" ಎಂಬ ಸಾಲು ಯಾರಿಗೂ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಫೋಟೊ ಕೆಳಗೆ ಏನು ಬರೆಯಬೇಕು? ಬರೆಯುವ ರೀತಿ ಒಂದೇ ಅಲ್ಲ. ಮುಖ್ಯವಾಗಿ ನಾಲ್ಕು ಬಗೆ ಇವೆ. ಯಾವುದು ಎಲ್ಲಿಗೆ ಒಪ್ಪುತ್ತದೆ ಎಂದು ನೋಡಲು ಒಂದೇ ಫೋಟೊ ಇಟ್ಟುಕೊಳ್ಳೋಣ.

ಒಂದು ಫೋಟೊ, ನಾಲ್ಕು ಸಾಲು

ನಮ್ಮ ಬಿ.ಕಾಂ. ವಿದ್ಯಾರ್ಥಿಗಳು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಲು ಹೋಗಿದ್ದರು. ಅಲ್ಲಿ ತೆಗೆದ ಒಂದು ಫೋಟೊ ನನ್ನ ಮುಂದಿದೆ. ಹಿಂದೆಲ್ಲ ಕೆಂಪು ರಾಶಿ, ತುಂಬಿದ ಚೀಲಗಳು. ಮಧ್ಯದಲ್ಲಿ ಒಬ್ಬ ಹುಡುಗಿ. ಒಂದು ಕೈಯಲ್ಲಿ ವೇಲ್ ಹಿಡಿದು ಮೂಗು ಮುಚ್ಚಿಕೊಂಡಿದ್ದಾಳೆ. ಇನ್ನೊಂದು ಕೈಯಲ್ಲಿ ಸುಕ್ಕುಗಟ್ಟಿದ ಒಂದು ಕಾಯಿಯನ್ನು ಬೆಳಕಿಗೆ ಹಿಡಿದಿದ್ದಾಳೆ. ಪಕ್ಕದಲ್ಲಿ ಕಾಯಿ ಆರಿಸುತ್ತ ಕೂತ ಹಿರಿಯ ಹೆಣ್ಣುಮಗಳು ಅವಳ ಕಡೆ ನೋಡಿ ನಗುತ್ತಿದ್ದಾರೆ. ಒಳ್ಳೆಯ ಫೋಟೊ. ಇದರ ಕೆಳಗೆ ಬರೆಯಲು ನಾಲ್ಕು ಸಾಲು ನನ್ನ ಮೇಜಿಗೆ ಬಂದವು. ಇಲ್ಲಿ ಹೆಸರು ಮಾತ್ರ ಬದಲಿಸಿದ್ದೇನೆ.

ಮೊದಲನೆಯದು: "ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮ ವಿದ್ಯಾರ್ಥಿಗಳು."

ಎರಡನೆಯದು: "ಕೆಂಪು ಕಡಲಿನಲ್ಲಿ ಕನಸಿನ ದೋಣಿ."

ಮೂರನೆಯದು: "ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡುತ್ತಿರುವ ಬಿ.ಕಾಂ. ನಾಲ್ಕನೇ ಸೆಮಿಸ್ಟರಿನ ಸವಿತಾ ಬಡಿಗೇರ. ವಾಣಿಜ್ಯ ವಿಭಾಗದ 42 ವಿದ್ಯಾರ್ಥಿಗಳು ಫೆಬ್ರುವರಿ 12ರಂದು ಇಲ್ಲಿನ ಟೆಂಡರ್ ಪದ್ಧತಿ ತಿಳಿದು ಬಂದರು."

ನಾಲ್ಕನೆಯದು ಸ್ವಲ್ಪ ಉದ್ದ: "ಘಾಟಿಗೆ ಸವಿತಾ ಬಡಿಗೇರ ಅವರಿಗೆ ಕೆಮ್ಮು ನಿಲ್ಲಲಿಲ್ಲ. 'ಒಂದ್ ತಾಸ್ ಕುಂದರ್ ತಂಗಿ, ಕೆಮ್ಮ ತಾನ ಹೋಗತೈತಿ' ಎಂದು ಪಕ್ಕದಲ್ಲಿ ಕಾಯಿ ಆರಿಸುತ್ತಿದ್ದ ಹುಸೇನವ್ವ ನಕ್ಕರು. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಈ ಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಸವಿತಾ ಅವರಿಗೆ ಕಾಯಿ ಹಿಡಿದು ತೋರಿಸಿದವರೂ ಹುಸೇನವ್ವ. ಬಿ.ಕಾಂ. ವಿದ್ಯಾರ್ಥಿಗಳ ಮಾರುಕಟ್ಟೆ ಭೇಟಿ, ಫೆಬ್ರುವರಿ 12."

ಮೊದಲನೆಯದು ತಪ್ಪಲ್ಲ. ಆದರೆ ಅದು ಕಣ್ಣಿಗೆ ಕಾಣುವುದನ್ನೇ ಮತ್ತೆ ಹೇಳುತ್ತದೆ. ರಾಶಿ ಕಾಣುತ್ತದೆ, ಹುಡುಗಿ ಕಾಣುತ್ತಾಳೆ, ಮಾರುಕಟ್ಟೆ ಎಂದು ಗೊತ್ತಾಗುತ್ತದೆ. ಓದುಗರಿಗೆ ಸಿಕ್ಕ ಹೊಸ ವಿಷಯ "ಬ್ಯಾಡಗಿ" ಎಂಬ ಒಂದು ಪದ ಮಾತ್ರ.

ಎರಡನೆಯದನ್ನು ಬರೆದ ಹುಡುಗನಿಗೆ ಕವಿತೆಯ ಪ್ರೀತಿ ಇದೆ. ಅದು ನನಗೆ ಗೊತ್ತು, ಆ ಪ್ರೀತಿ ಬೇಕು ಕೂಡ. ಆದರೆ ಈ ಸಾಲನ್ನು ಟೊಮೆಟೊ ರಾಶಿಯ ಫೋಟೊ ಕೆಳಗೆ ಇಟ್ಟು ನೋಡಿ. ನಡೆಯುತ್ತದೆ. ಗುಲಾಬಿ ತೋಟಕ್ಕೆ ಇಟ್ಟರೂ ನಡೆಯುತ್ತದೆ. ಇದೇ ನನ್ನ ಪರೀಕ್ಷೆ: ಬರೆದ ಸಾಲನ್ನು ಎತ್ತಿ ಬೇರೆ ಫೋಟೊ ಕೆಳಗೆ ಇಡಿ. ಅಲ್ಲೂ ಸಲೀಸಾಗಿ ಕೂತರೆ ಅದು ಈ ಫೋಟೊದ ಸಾಲು ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಸಾಲು ಹುಡುಗಿಯ ಹೆಸರಿನ ಜಾಗ ತಿಂದಿತು. ಫೋಟೊದಲ್ಲಿ ಮನುಷ್ಯರಿದ್ದರೆ ಕಾವ್ಯದ ಸಾಲು ಬೇಡ ಎಂದು ನಾನು ಮಕ್ಕಳಿಗೆ ಖಡಾಖಂಡಿತ ಹೇಳುತ್ತೇನೆ. ಉಣಕಲ್ ಕೆರೆಯ ಮೇಲೆ ಮೋಡ ಕವಿದ ಸಂಜೆ, ಒಳಪುಟದ ತುಂಬ ಅದೊಂದೇ ಚಿತ್ರ, ಅಂಥ ಕಡೆ ಬೇಕಾದರೆ ಬರೆಯಲಿ. ಅಲ್ಲೂ ಕೆಳಗೆ ಸಣ್ಣ ಅಕ್ಷರದಲ್ಲಿ ಜಾಗದ ಹೆಸರು, ಫೋಟೊ ತೆಗೆದವರ ಹೆಸರು ಇರಲಿ.

ಮೂರನೆಯದು ಸುದ್ದಿಯ ಬಗೆ. ಎರಡು ವಾಕ್ಯ. ಮೊದಲನೆಯದು ಫೋಟೊದಲ್ಲಿ ಇರುವವರು ಯಾರು, ಏನು ಮಾಡುತ್ತಿದ್ದಾರೆ ಎಂದು ಹೇಳುತ್ತದೆ. ಎರಡನೆಯದು ಫೋಟೊದ ಆಚೆ ಇರುವುದನ್ನು ತರುತ್ತದೆ: ಯಾವತ್ತು, ಯಾಕೆ, ಎಷ್ಟು ಜನ. ಸಂಚಿಕೆಯ ಬಹುಪಾಲು ಫೋಟೊಗಳಿಗೆ ನಾನು ಆರಿಸುವುದು ಇದನ್ನೇ. ಹೊಸಬರಿಗೂ ಬರೆಯಲು ಬರುತ್ತದೆ, ಜಾಗ ಕಡಿಮೆ ಸಾಕು, ತಪ್ಪು ನುಸುಳಿದರೆ ಬೇಗ ಕಾಣುತ್ತದೆ.

ನಾಲ್ಕನೆಯದು ಕಥೆಯ ಬಗೆ. ಓದಿದಾಗ ಫೋಟೊ ಜೀವ ತಳೆಯುತ್ತದೆ. ಆ ಹಿರಿಯರು ನಕ್ಕಿದ್ದು ಯಾಕೆ ಎಂಬುದು ಫೋಟೊದಲ್ಲಿ ಎಲ್ಲೂ ಇಲ್ಲ, ಸಾಲಿನಲ್ಲಿ ಇದೆ. ಆದರೆ ಇದನ್ನು ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು ಬರೆಯಲು ಆಗುವುದಿಲ್ಲ. ಫೋಟೊ ತೆಗೆದವಳ ಜೊತೆ ಹೋಗಿದ್ದ ಹುಡುಗ ಅಲ್ಲೇ ನಿಂತು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡಿದ್ದ. ಹುಸೇನವ್ವ ಅವರ ಹೆಸರು ಕೇಳಿ, "ನಮ್ಮ ಪುಸ್ತಕದಾಗ ಹಾಕಬಹುದೇನ್ರಿ?" ಎಂದು ಒಪ್ಪಿಗೆ ತಗೊಂಡಿದ್ದ. ಆ ಡೈರಿ ಇಲ್ಲದಿದ್ದರೆ ಈ ಸಾಲು ಇಲ್ಲ. ನೆನಪಿನಿಂದ ಮಾತು ಹೊಸೆಯಲು ಹೋದರೆ ಅದು ಹುಸೇನವ್ವನ ಮಾತಾಗುವುದಿಲ್ಲ, ನಮ್ಮ ಮಾತಾಗುತ್ತದೆ. ಕಥೆಯ ಬಗೆಯನ್ನು ಇಡೀ ಸಂಚಿಕೆಯಲ್ಲಿ ಆರೋ ಏಳೋ ಫೋಟೊಗೆ ಇಟ್ಟುಕೊಳ್ಳಿ. ಎಲ್ಲದಕ್ಕೂ ಬರೆದರೆ ಪುಟ ಉಸಿರುಗಟ್ಟುತ್ತದೆ, ಓದುವವರೂ ಬಿಟ್ಟುಬಿಡುತ್ತಾರೆ.

ನಾವು ಅಚ್ಚಿಗೆ ಕೊಟ್ಟಿದ್ದು ನಾಲ್ಕನೆಯದನ್ನು. ಅದೇ ಪುಟದ ಉಳಿದ ಮೂರು ಫೋಟೊಗಳಿಗೆ ಸುದ್ದಿಯ ಬಗೆ.

ಬರೀ ಹೆಸರು ಸಾಕಾಗುವ ಕಡೆಯೂ ಉಂಟು. ಲೇಖನದ ಜೊತೆ ಬರುವ ಮುಖದ ಫೋಟೊಗೆ ಹೆಸರು, ತರಗತಿ ಇದ್ದರೆ ಮುಗಿಯಿತು. ಲಕ್ಕುಂಡಿ ಪ್ರವಾಸದ ಲೇಖನದ ನಡುವೆ ಗುಡಿಯ ಫೋಟೊ ಇದ್ದರೆ "ಬ್ರಹ್ಮ ಜಿನಾಲಯ, ಲಕ್ಕುಂಡಿ" ಎಂದಷ್ಟೇ ಸಾಕು. ಉಳಿದದ್ದು ಲೇಖನದಲ್ಲೇ ಇರುತ್ತದೆ. ಲೇಖನದ ಒಂದು ಸಾಲನ್ನು ಕಿತ್ತು ಫೋಟೊ ಕೆಳಗೆ ಅಂಟಿಸಬೇಡಿ, ಓದುಗರು ಒಂದೇ ಮಾತನ್ನು ಎರಡು ಸಲ ಓದಬೇಕಾಗುತ್ತದೆ. ಲೇಖನವಿಲ್ಲದೆ ಒಂಟಿಯಾಗಿ ನಿಂತ ಫೋಟೊಗೆ ಮಾತ್ರ ಅಡಿಬರಹವೇ ಎಲ್ಲವನ್ನೂ ಹೊರಬೇಕು.

"ಮಾಡುತ್ತಿರುವುದು", "ಮಾಡಿದರು", "ಮಾಡುತ್ತಿದ್ದಾರೆ"

ಕನ್ನಡದಲ್ಲಿ ಬರೆಯುವವರಿಗೆ ಇದೊಂದು ಬೇರೆಯದೇ ಆಯ್ಕೆ. ನಮ್ಮ ಹಳೆಯ ಸಂಚಿಕೆಗಳನ್ನು ತೆಗೆದರೆ ಶುರುವಿನಿಂದ ಕೊನೆಯವರೆಗೆ "ಉದ್ಘಾಟಿಸುತ್ತಿರುವುದು", "ಸನ್ಮಾನಿಸುತ್ತಿರುವುದು", "ಮಾತನಾಡುತ್ತಿರುವುದು". ಇದರಲ್ಲಿ ವಾಕ್ಯ ಮುಗಿಯುವುದೇ ಇಲ್ಲ. ಹತ್ತು ಫೋಟೊ ಸಾಲಾಗಿ ಹೀಗೇ ಬಂದರೆ ಕಿವಿಗೆ ಜಡ್ಡು ಹಿಡಿಯುತ್ತದೆ.

ದಿನಪತ್ರಿಕೆಗಳು ಸಾಮಾನ್ಯವಾಗಿ "ಉದ್ಘಾಟಿಸಿದರು" ಎಂದು ಬರೆದು, ಕೊನೆಗೆ ಉಳಿದವರ ಹೆಸರು ಹೇಳಿ "ಇದ್ದಾರೆ" ಎಂದು ನಿಲ್ಲಿಸುತ್ತವೆ. ಇದು ಚೊಕ್ಕ. ತಾರೀಖು ಹೇಳಬೇಕಾದ ವಾಕ್ಯಕ್ಕೆ ಇದೇ ಸರಿ. ಇಂಗ್ಲಿಷ್ ಪತ್ರಿಕೋದ್ಯಮದ ಪಾಠದಲ್ಲಿ ಅಡಿಬರಹ ವರ್ತಮಾನದಲ್ಲಿ ಇರಬೇಕು ಎಂದು ಕಲಿಸುತ್ತಾರೆ. ಅದನ್ನು ಹಾಗೇ ಕನ್ನಡಕ್ಕೆ ಇಳಿಸಿ "ಫೆಬ್ರುವರಿ 12ರಂದು ಓಡುತ್ತಿದ್ದಾರೆ" ಎಂದರೆ ಕಲ್ಲು ಕಡಿದ ಹಾಗಾಗುತ್ತದೆ. ಹೋದ ತಿಂಗಳ ತಾರೀಖಿಗೂ "ಓಡುತ್ತಿದ್ದಾರೆ"ಗೂ ಹೊಂದುವುದಿಲ್ಲ.

ನನಗೆ ಒಗ್ಗಿದ ದಾರಿ ಇದು. ಮೊದಲ ವಾಕ್ಯದಲ್ಲಿ ತಾರೀಖು ಬೇಡ. ಅದು ವ್ಯಕ್ತಿಯ ಹೆಸರಿನಲ್ಲಿ ಮುಗಿಯಲಿ: "ಕೊನೆಯ ತಿರುವಿನಲ್ಲಿ ಬ್ಯಾಟನ್ ಕೈಗೆ ತಗೊಳ್ಳುತ್ತಿರುವ ಶಾಹೀನ್ ನದಾಫ." ಆಮೇಲಿನ ವಾಕ್ಯ ಭೂತಕಾಲದಲ್ಲಿ, ತಾರೀಖಿನ ಸಮೇತ. ಕಣ್ಣ ಮುಂದಿನ ಕ್ಷಣವೂ ಉಳಿಯುತ್ತದೆ, ದಾಖಲೆಯೂ ಆಗುತ್ತದೆ.

ಇನ್ನೊಂದು ತೊಂದರೆ ಉದ್ದನೆಯ ತಲೆಭಾರ. "ಮಹಾವಿದ್ಯಾಲಯದ ಕನ್ನಡ ವಿಭಾಗ ಹಾಗೂ ಐಕ್ಯೂಎಸಿ ಘಟಕದ ಸಂಯುಕ್ತ ಆಶ್ರಯದಲ್ಲಿ ಏರ್ಪಡಿಸಲಾಗಿದ್ದ ಒಂದು ದಿನದ ವಿಶೇಷ ಉಪನ್ಯಾಸ ಕಾರ್ಯಕ್ರಮದಲ್ಲಿ..." ಎಂದು ಹೊರಟರೆ ಮನುಷ್ಯ ಸಿಗುವ ಹೊತ್ತಿಗೆ ಓದುವವರಿಗೆ ದಣಿವು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಮುಂದೆ ಏನನ್ನಾದರೂ ಎಷ್ಟಾದರೂ ಪೇರಿಸಬಹುದು. ಅದಕ್ಕೇ ಜಾಸ್ತಿ ಎಚ್ಚರ ಬೇಕು. "ಸಂಯುಕ್ತ ಆಶ್ರಯ" ವರದಿಯಲ್ಲಿ ಇರಲಿ. "ಉಪಸ್ಥಿತರಿದ್ದರು" ಬದಲು "ಇದ್ದರು" ಸಾಕು.

ಗುಂಪಿನ ಫೋಟೊ

ಇಲ್ಲಿ ಎರಡು ದಾರಿ. ಎಲ್ಲರ ಹೆಸರು ಹಾಕುವುದು, ಇಲ್ಲವೇ "ಶಿಬಿರಾರ್ಥಿಗಳು" ಎಂದು ಒಟ್ಟಿಗೆ ಹೇಳುವುದು.

ಹದಿನೈದು ಜನರವರೆಗೆ ಎಲ್ಲರ ಹೆಸರೂ ಬರಲೇಬೇಕು ಎಂಬುದು ನನ್ನ ಹಟ. ಕುಳಿತವರು ಮೊದಲು, ನಿಂತವರು ಆಮೇಲೆ, ಪ್ರತಿ ಸಾಲೂ ಎಡದಿಂದ ಬಲಕ್ಕೆ. ಅದಕ್ಕಿಂತ ದೊಡ್ಡ ಗುಂಪಾದರೆ ಹಾಡೋ ಊಟವೋ ಕೆಲಸವೋ, ಏನೋ ಒಂದು ಮಾಡುತ್ತಿರುವ ನಾಲ್ಕೈದು ಜನರ ಫೋಟೊ ಆರಿಸಿ. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರದಲ್ಲಿ ಅರವತ್ತು ಜನ ಬ್ಯಾನರ್ ಹಿಂದೆ ನಿಂತ ಫೋಟೊಗಿಂತ, ಹಳ್ಳಿಯ ಶಾಲೆಯ ಗೋಡೆಗೆ ಸುಣ್ಣ ಬಳಿಯುವ ಮೂವರ ಫೋಟೊ ಎಷ್ಟೋ ಮೇಲು. ಮೂವರ ಹೆಸರು ಬರೆಯಲು ಒಂದು ಸಾಲು ಸಾಕು. ಉಳಿದ ಐವತ್ತೇಳು ಮಂದಿಯ ಹೆಸರು ವರದಿಯ ಕೊನೆಗೆ ಪಟ್ಟಿಯಾಗಿ ಬರಲಿ.

"ಎಡದಿಂದ" ಎನ್ನುವ ಪದದ ಬಗ್ಗೆ ಒಂದು ಅನುಭವ ಹೇಳಬೇಕು. ಒಂದು ವರ್ಷ ರಿಲೇ ಓಟದ ಫೋಟೊ. ಇಬ್ಬರು ಹುಡುಗಿಯರು, ಬ್ಯಾಟನ್ ಕೈ ಬದಲಾಗುವ ಹೊತ್ತು. "ಎಡದಿಂದ" ಎಂದು ಬರೆದು ಇಬ್ಬರ ಹೆಸರನ್ನೂ ಸರಿಯಾಗಿಯೇ ಕೊಟ್ಟಿದ್ದೆ. ಪುಟ ಕೂರಿಸುವಾಗ ಓಟಗಾರರು ಪುಟದ ಹೊರಗೆ ಓಡುವಂತೆ ಕಾಣುತ್ತದೆ ಎಂದು ಫೋಟೊವನ್ನು ಕನ್ನಡಿಯ ಹಾಗೆ ತಿರುಗಿಸಿದ್ದರು. ಎಡ ಇದ್ದದ್ದು ಬಲವಾಯಿತು. ಹೆಸರು ಅದಲು ಬದಲಾದವು. ಕೊನೆಯ ಪ್ರೂಫಿನಲ್ಲಿ ನಾನು ಅಕ್ಷರ ನೋಡಿದೆ, ಫೋಟೊ ನೋಡಲಿಲ್ಲ. ಸಂಚಿಕೆ ಹಂಚಿದ ಮಧ್ಯಾಹ್ನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಪುಟ ತೆರೆದು ಬೆರಳಿಟ್ಟಳು. "ಸರ, ಇದು ನಾ ಅಲ್ಲರಿ. ಅವ್ವಗ ಹ್ಯಾಂಗ್ ತೋರಸ್ಲಿ?"

ಅಂದಿನಿಂದ ಇಬ್ಬರು ಮೂವರ ಫೋಟೊದಲ್ಲಿ ಎಡ ಬಲ ಬಿಟ್ಟಿದ್ದೇವೆ. ಗುರುತು ಹೇಳುತ್ತೇವೆ: "ಬ್ಯಾಟನ್ ಕೊಡುತ್ತಿರುವವರು", "ಕನ್ನಡಕ ಹಾಕಿದವರು", "ಹಾರ್ಮೋನಿಯಂ ನುಡಿಸುತ್ತಿರುವವರು". ಫೋಟೊ ಹೇಗೇ ತಿರುಗಿದರೂ ಬ್ಯಾಟನ್ ಕೊಡುವವಳು ಕೊಡುವವಳೇ. ಫೋಟೊದ ಅಂಚು ಕತ್ತರಿಸುವಾಗಲೂ ಇದೇ ತೊಂದರೆ ಆಗುತ್ತದೆ. ತುದಿಯಲ್ಲಿದ್ದ ಒಬ್ಬರು ಹೋಗುತ್ತಾರೆ, ಹೆಸರು ಉಳಿಯುತ್ತದೆ. ಅದಕ್ಕೆ ತಲೆ ಎಣಿಸಿ, ಹೆಸರು ಎಣಿಸಿ. ಎರಡೂ ಕೂಡಬೇಕು.

ಹೆಸರು ಮತ್ತು ಮರ್ಯಾದೆ

ನಮ್ಮ ಕಡೆ ಹೆಸರು ಬರೆಯುವುದು ಸುಮ್ನೆ ಮಾತಲ್ಲ. ತನ್ನ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಅಡ್ಡಹೆಸರು. ಒಂದು ತರಗತಿಯಲ್ಲಿ ಮೂವರು ಬಸವರಾಜ ಪಾಟೀಲ ಇರಬಹುದು. ನಡುವಿನ ಅಕ್ಷರ ಬಿಟ್ಟರೆ ಯಾರ ಫೋಟೊ ಎಂಬುದೇ ತಿಳಿಯದು. ಇನ್ನು "ಹಿರೇಮಠ" ಎಂದು ಬರೆಯುವವರನ್ನು "ಹಿರೇಮಠ್" ಮಾಡಬೇಡಿ. "ಪೂಜಾರ" ಬೇರೆ, "ಪೂಜಾರಿ" ಬೇರೆ. ಹಾಜರಿ ಪುಸ್ತಕ ಇಂಗ್ಲಿಷಿನಲ್ಲಿ ಇದ್ದರೆ ಅದನ್ನು ನೋಡಿ ಕನ್ನಡಕ್ಕೆ ಇಳಿಸುವುದು ಅಪಾಯ. ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ಇಂಗ್ಲಿಷ್ ಅಕ್ಷರ ಹೇಳುವುದಿಲ್ಲ. ವಿದ್ಯಾರ್ಥಿಯ ಕೈಯಿಂದಲೇ ಕನ್ನಡದಲ್ಲಿ ಬರೆಸಿಕೊಳ್ಳುವುದು ಒಂದೇ ಸರಿಯಾದ ದಾರಿ.

ಅಡಿಬರಹದಲ್ಲಿ ಏಕವಚನವೋ ಬಹುವಚನವೋ? ಇಲ್ಲಿ ನನಗೆ ಬಹಳ ಬೇಸರ ತರುವ ಒಂದು ರೂಢಿ ಇದೆ. ಅತಿಥಿಗಳು "ಮಾತನಾಡಿದರು", ಅಧ್ಯಕ್ಷರು "ವಹಿಸಿದ್ದರು". ಅದೇ ಪುಟದಲ್ಲಿ ರೈತ "ಹೊರುತ್ತಿರುವನು", ಕಸ ಗುಡಿಸುವವಳು "ಗುಡಿಸುತ್ತಿರುವಳು". ಕೆಲಸ ನೋಡಿ ಮರ್ಯಾದೆ ಅಳೆಯುವುದು ಕಾಲೇಜಿನ ಪುಸ್ತಕದಲ್ಲಿ ಇರಬಾರದು. ನಮ್ಮ ಸಂಚಿಕೆಯಲ್ಲಿ ಎಲ್ಲರಿಗೂ ಬಹುವಚನ, ವಿದ್ಯಾರ್ಥಿಗಳಿಗೂ. ಅತಿಥಿಗೆ ಹೆಸರಿದ್ದರೆ ಹಮಾಲರಿಗೂ ಹೆಸರು ಇರಬೇಕು. ಕೇಳಿದರೆ ಎಲ್ಲರೂ ಸಂತೋಷದಿಂದ ಹೇಳುತ್ತಾರೆ. ಬೇಡ ಎಂದವರ ಹೆಸರು ಬೇಡ.

"ಶ್ರೀ", "ಮಾನ್ಯ", "ಗೌರವಾನ್ವಿತ" ಬೇಕೇ? ನಾನು ಬಿಡುತ್ತೇನೆ. ಹುದ್ದೆ ಹೇಳಿದರೆ ಸಾಕು. ಈ ವಿಷಯದಲ್ಲಿ ಕಾಲೇಜಿನ ಹಿರಿಯರ ಅಭಿಪ್ರಾಯ ಬೇರೆ ಇದ್ದರೆ ಜಗಳ ಬೇಡ, ಎಲ್ಲ ಪುಟದಲ್ಲೂ ಒಂದೇ ರೀತಿ ಇದ್ದರಾಯಿತು.

ಕಾಣದ್ದನ್ನು ಹೇಳುವ ಸಂಗತಿ, ಅದೂ ಸರಿಯಾದದ್ದು

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಫೋಟೊ ತೆಗೆದರೆ ಅದು ಬೇರೆ ಯಾವುದೇ ಪ್ಲಾಟ್‌ಫಾರ್ಮ್ ಹಾಗೆಯೇ ಕಾಣುತ್ತದೆ. ಅದರ ಉದ್ದ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಈ ಸಂಖ್ಯೆ ಅಡಿಬರಹದಲ್ಲಿ ಇದ್ದರೆ ಓದುಗರು ಫೋಟೊವನ್ನು ಎರಡನೇ ಸಲ ನೋಡುತ್ತಾರೆ, ಕೊನೆ ಎಲ್ಲಿದೆ ಎಂದು ಹುಡುಕುತ್ತಾರೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವ ಖಾದಿ ಘಟಕಕ್ಕೆ ಹೋಗಿ ಬಂದ ಮಕ್ಕಳು "ಧ್ವಜ ತಯಾರಿಸುತ್ತಿರುವ ಮಹಿಳೆಯರು" ಎಂದು ಬರೆದು ತಂದರು. ಅದು ಕಾಣುತ್ತದಲ್ಲ, ಕಾಣದ್ದು ಏನು ಎಂದು ಕೇಳಿದೆ. ಆಗ ಒಬ್ಬೊಬ್ಬರೇ ಹೇಳತೊಡಗಿದರು. ಧ್ವಜಕ್ಕೆ ಒಂಬತ್ತು ಅಳತೆ ಇವೆಯಂತೆ, ದೊಡ್ಡದು 6,300 ಮಿಲಿಮೀಟರ್ ಉದ್ದ, 4,200 ಅಗಲ. ಚಕ್ರದ 24 ಗೆರೆ ಬಟ್ಟೆಯ ಎರಡೂ ಕಡೆ ಒಂದರ ಮೇಲೊಂದು ಕೂಡಬೇಕು. ಅದನ್ನೇ ಬರೆಯಿರಿ ಎಂದೆ. ಕೊನೆಗೆ ಅಚ್ಚಾದ ಸಾಲು: "ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಗೆ ಒಂದಕ್ಕೊಂದು ಕೂಡಬೇಕು. ಅದನ್ನು ಬೆಳಕಿಗೆ ಹಿಡಿದು ನೋಡುತ್ತಿರುವ ಬೆಂಗೇರಿ ಘಟಕದ ಕೆಲಸಗಾರರು."

ಸಂಗತಿ ಹಾಕುವುದಾದರೆ ಸರಿಯಾಗಿ ಹಾಕಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಯನ್ನು ಮಕ್ಕಳು "ಕೊಕ್ಕರೆ" ಎಂದು ಬರೆದಿದ್ದರು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದವು. ಅದು ಪಟ್ಟೆತಲೆ ಹೆಬ್ಬಾತು, ಹಿಮಾಲಯ ದಾಟಿ ಬರುವ ಹಕ್ಕಿ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. "ಕೊಕ್ಕರೆ" ಎಂದು ಅಚ್ಚಾಗಿದ್ದರೆ ಅಲ್ಲಿನ ಊರವರೇ ನಮ್ಮನ್ನು ಕೇಳುತ್ತಿದ್ದರು. ಲಕ್ಕುಂಡಿಯಲ್ಲೂ ಹಾಗೇ. ಕಾಶಿವಿಶ್ವೇಶ್ವರ ಗುಡಿ, ನನ್ನೇಶ್ವರ ಗುಡಿ ಹತ್ತಿರ ಹತ್ತಿರ ಇವೆ. ಮನೆಗೆ ಬಂದು ಫೋಟೊ ನೋಡಿದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಉಪಾಯ: ಗುಡಿಯ ಫೋಟೊ ತೆಗೆಯುವ ಮುನ್ನ ಅಲ್ಲಿನ ನಾಮಫಲಕದ ಫೋಟೊ ತೆಗೆಯಿರಿ. ಸರಣಿಯಲ್ಲಿ ಅದು ಮೊದಲು ಇದ್ದರೆ ಅದರ ನಂತರದವೆಲ್ಲ ಆ ಗುಡಿಗೆ ಸೇರಿದವು.

ಕಾರ್ಯಕ್ರಮದ ಹೆಸರೂ ಪೂರ್ತಿ ಇರಲಿ. "ಹಾವೇರಿ ಸಾಹಿತ್ಯ ಸಮ್ಮೇಳನದಲ್ಲಿ ನಮ್ಮ ಸ್ವಯಂಸೇವಕರು" ಎಂದರೆ ಇಂದು ಗೊತ್ತಾಗುತ್ತದೆ. "86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಹಾವೇರಿ, 2023ರ ಜನವರಿ 6ರಿಂದ 8" ಎಂದರೆ ಯಾವತ್ತೂ ಗೊತ್ತಾಗುತ್ತದೆ. "ಇತ್ತೀಚೆಗೆ", "ಈ ವರ್ಷ" ಬೇಡವೇ ಬೇಡ.

ಗೊತ್ತಿಲ್ಲದ ಮನಸ್ಸಿನ ಮಾತನ್ನೂ ಬರೆಯಬಾರದು. "ಸಂಭ್ರಮದಲ್ಲಿ ಮಿಂದೆದ್ದ ವಿದ್ಯಾರ್ಥಿಗಳು" ಎಂದರೆ ಅವರು ಮಿಂದರೋ ಇಲ್ಲವೋ ನಮಗೆ ಹೇಗೆ ಗೊತ್ತು? ಕುಣಿಯುತ್ತಿದ್ದರೆ ಕುಣಿಯುತ್ತಿದ್ದಾರೆ ಎನ್ನಿ.

ಅಚ್ಚಿಗೆ, ಗೋಡೆಗೆ, ಇನ್‌ಸ್ಟಾಗ್ರಾಮಿಗೆ

ಮೂರಕ್ಕೂ ಒಂದೇ ಸಾಲು ನಡೆಯುವುದಿಲ್ಲ. ಭಿತ್ತಿಪತ್ರಿಕೆಯನ್ನು ಜನ ನಿಂತು ಓದುತ್ತಾರೆ, ಹಿಂದಿನವರು ನೂಕುತ್ತಿರುತ್ತಾರೆ. ಅಲ್ಲಿ ಒಂದು ವಾಕ್ಯ, ದೊಡ್ಡ ಅಕ್ಷರ. ತಾರೀಖು ಬೇಕಿಲ್ಲ, ವಾರದಲ್ಲಿ ತೆಗೆಯುವ ಹಾಳೆ ಅದು. ಇನ್‌ಸ್ಟಾಗ್ರಾಮಿನಲ್ಲಿ ಮೊದಲ ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ಹಾಗಾಗಿ ಮುಖ್ಯ ಮಾತು ಮುಂದೆ ಬರಲಿ. ಅಲ್ಲಿ ಹೆಸರು ಹಾಕುವ ಮುನ್ನ ಆ ವಿದ್ಯಾರ್ಥಿಯನ್ನು ಕೇಳಲೇಬೇಕು, ಅದರಲ್ಲೂ ಹೆಣ್ಣುಮಕ್ಕಳನ್ನು. ಪುಸ್ತಕ ಆರುನೂರು ಮನೆಗೆ ಹೋಗುತ್ತದೆ. ಇನ್‌ಸ್ಟಾಗ್ರಾಮಿಗೆ ಹಾಕಿದ ಫೋಟೊ ಎಲ್ಲಿಗೆ ಹೋಗುತ್ತದೋ ಯಾರಿಗೂ ತಿಳಿಯದು. ಶಾಲಾ ಮಕ್ಕಳ ಫೋಟೊ ಆದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಊರು ವಿಳಾಸ ಬೇಡ.

ಯಾವಾಗ ಬರೆಯಬೇಕು

ಅಂದೇ ಬರೆಯುವುದು, ಕೊನೆಗೆ ಬರೆಯುವುದು, ಈ ಎರಡರ ನಡುವೆ ಹೋಲಿಕೆಯೇ ಇಲ್ಲ. ಅಂದೇ ಬರೆಯಿರಿ. ಫೋಟೊ ತೆಗೆಯುವವರ ಜೊತೆ ಒಬ್ಬರು ಡೈರಿ ಹಿಡಿದು ಇರಲಿ. ಹೆಸರು, ತರಗತಿ, ಏನು ನಡೆಯುತ್ತಿತ್ತು, ಯಾರಾದರೂ ಏನಾದರೂ ಅಂದರೇ, ಇಷ್ಟು ಸಾಕು.

ಫೋಟೊವನ್ನು ವಾಟ್ಸ್ಯಾಪಿನಲ್ಲಿ ಸುಮ್ನೆ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ತಾರೀಖು ಸಮಯದ ಮಾಹಿತಿಯೂ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ. ಕ್ಯಾಮೆರಾದ ಗಡಿಯಾರ ಸರಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕೊನೆಯದಾಗಿ ಅಕ್ಷರದ ಗೊಂದಲ. ಮಕ್ಕಳು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡುತ್ತಾರೆ. ಪ್ರೆಸ್ಸಿನಲ್ಲಿ ಬಹಳ ಕಡೆ ಈಗಲೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಫಾಂಟು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಬೀಳುತ್ತದೆ. ಲೇಖನದಲ್ಲಾದರೆ ಓದುಗರು ಅಂದಾಜಿಸಿ ಮುಂದೆ ಹೋಗುತ್ತಾರೆ. ಹೆಸರಿನಲ್ಲಿ ಆದರೆ ಹೆಸರೇ ಕೆಟ್ಟಿತು. ಆದ್ದರಿಂದ ಪ್ಲೇಟ್ ಹಾಕುವ ಮುನ್ನ ಕಾಗದದ ಮೇಲೆ ಪ್ರೂಫ್ ತೆಗೆಸಿ, ಒಬ್ಬರು ಹೆಸರು ಓದಲಿ, ಇನ್ನೊಬ್ಬರು ಫೋಟೊದ ಮುಖ ನೋಡಲಿ. ಇಬ್ಬರು ಬೇಕು. ಒಬ್ಬರಿಂದ ಆಗುವುದಿಲ್ಲ ಎಂದು ಆ ರಿಲೇ ಫೋಟೊದಲ್ಲಿ ಕಲಿತಿದ್ದೇನೆ.

ತಪ್ಪು ಅಚ್ಚಾದ ಮೇಲೆ?

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬಹುದು. ಆದರೆ ಅಷ್ಟೊತ್ತಿಗೆ ಕೊನೆಯ ವರ್ಷದ ಮಕ್ಕಳು ಕಾಲೇಜು ಬಿಟ್ಟಿರುತ್ತಾರೆ, ಅವರ ಕೈಗೆ ಅದು ಸೇರುವುದೇ ಇಲ್ಲ. ಪುಟವನ್ನೇ ಮತ್ತೆ ಅಚ್ಚು ಹಾಕಿಸಬಹುದು. ಬೈಂಡಿಂಗ್ ಆದ ಮೇಲೆ ಅದು ದುಬಾರಿ. ಉಳಿದದ್ದು ಚೀಟಿ. ನಾವು ಅದನ್ನೇ ಮಾಡಿದೆವು. ಹಿಂಬದಿ ಅಂಟು ಇರುವ ಹಾಳೆಯ ಮೇಲೆ ಸರಿಯಾದ ಸಾಲನ್ನು ಅದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕತ್ತರಿಸಿದೆವು. "ಬ್ಯಾಟನ್ ಕೊಡುತ್ತಿರುವವರು", "ತಗೊಳ್ಳುತ್ತಿರುವವರು" ಎಂದು ಬರೆದು ಇಬ್ಬರ ಹೆಸರು. ಸಂಪಾದಕ ಮಂಡಳಿಯ ಎಂಟು ಮಕ್ಕಳು ಮತ್ತು ನಾನು ಗ್ರಂಥಾಲಯದ ಉದ್ದ ಮೇಜಿನ ಮೇಲೆ ಕೂತು ಹಂಚದೆ ಉಳಿದ ಪ್ರತಿಗಳಿಗೆ ಅಂಟಿಸಿದೆವು. ಹಂಚಿದ ಪ್ರತಿಗಳಿಗಾಗಿ ತರಗತಿ ತರಗತಿಗೆ ಹೋದೆವು. ಮೂರು ದಿನ ಹಿಡಿಯಿತು. ಆ ಹುಡುಗಿಯ ಪ್ರತಿಗೆ ಎಲ್ಲಕ್ಕಿಂತ ಮೊದಲು ಅಂಟಿಸಿ ಕೊಟ್ಟೆವು, ಅವಳು ಅದೇ ಸಂಜೆ ಊರಿಗೆ ಹೊರಟಿದ್ದಳು.